ಮೋಟರ್ ದೊಡ್ಡದಾದರೆ ವಿಮಾನ ಚಿಕ್ಕ ಜಾಗದಲ್ಲಿ ತಿರುಗುತ್ತಾ? 3536 ಮೋಟರ್, ನಾಲ್ಕು ತಿಂಗಳು ಹಾರಿಸಿದ ಮೇಲೆ

ನಾನು ಆರ್‌ಸಿ (ರಿಮೋಟ್ ಕಂಟ್ರೋಲ್) ವಿಮಾನ ಹಾರಿಸುವುದು ತೀರ್ಥಹಳ್ಳಿ ಕಡೆ, ನಮ್ಮ ಚಿಕ್ಕಪ್ಪನ ಗದ್ದೆಯಲ್ಲಿ. ಭತ್ತದ ಕೊಯ್ಲು ಮುಗಿದ ಮೇಲೆ ಮಳೆ ಹಿಡಿಯುವವರೆಗೆ ಅದೇ ನಮ್ಮ ರನ್‌ವೇ. ಉದ್ದಕ್ಕೆ ಬೇಕಾದಷ್ಟು ಜಾಗ ಇದೆ. ಅಗಲ ಮಾತ್ರ 60 ಮೀಟರ್ ಇದ್ದರೆ ಹೆಚ್ಚು. ಒಂದು ಬದಿ ಅಡಿಕೆ ತೋಟ, ಇನ್ನೊಂದು ಬದಿ ಅಕೇಶಿಯಾ ಬೆಳೆದ ಗುಡ್ಡ. ಬಯಲುಸೀಮೆಯಲ್ಲಿ ಹಾರಿಸುವವರು ಆರಾಮಾಗಿ ದೊಡ್ಡ ಸುತ್ತು ಹಾಕಿಕೊಂಡು ವಾಪಸ್ ಬರಬಹುದು. ನಮಗೆ ಆ ಭಾಗ್ಯ ಇಲ್ಲ. ಗದ್ದೆಯ ಕೊನೆಗೆ ಹೋದ ವಿಮಾನವನ್ನು ಆ 60 ಮೀಟರ್ ಒಳಗೇ ತಿರುಗಿಸಿ ತರಬೇಕು. ತಪ್ಪಿದರೆ ಅಡಿಕೆ ಸೋಗೆ ನಡುವೆ ಹೋಗಿ ಕೂರುತ್ತದೆ.

ಅದಕ್ಕೇ ಈ ಮೋಟರ್ ತೆಗೆದುಕೊಂಡೆ. ಮೋಟರ್ ಜೋರಾದರೆ ವಿಮಾನ ಚಿಕ್ಕ ಸುತ್ತಿನಲ್ಲಿ ತಿರುಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನಾನೂ ಹಾಗೇ ನಂಬಿದ್ದೆ. ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಬೇರೆ ಬೇರೆ ಜೋಡಣೆ ಹಾಕಿ ಹಾರಿಸಿದ ಮೇಲೆ ಗೊತ್ತಾಗಿದ್ದು, ಆ ಮಾತು ಅರ್ಧ ಮಾತ್ರ ನಿಜ. ಉಳಿದರ್ಧ ತಿಳಿಯದೆ ದುಡ್ಡು ಹಾಕಬೇಡಿ ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನದು ಫೋಮ್ ಟ್ರೈನರ್, ಮೇಲ್ಗಡೆ ರೆಕ್ಕೆ ಇರುವಂಥದ್ದು. ರೆಕ್ಕೆಯ ಉದ್ದ ತುದಿಯಿಂದ ತುದಿಗೆ 1,200 ಮಿಲಿಮೀಟರ್. ಜೊತೆಗೆ ಬಂದಿದ್ದ ಮೋಟರ್ 2212 (ಈ ಅಂಕಿ ಮೋಟರ್ ಗಾತ್ರದ್ದು), 1000 ಕೆವಿ, ಅಂದರೆ ಒಂದು ವೋಲ್ಟ್‌ಗೆ ನಿಮಿಷಕ್ಕೆ 1000 ಸುತ್ತಿನ ಲೆಕ್ಕ. ಪ್ರೊಪೆಲ್ಲರ್ 8×4, ಅಂದರೆ 8 ಇಂಚು ಉದ್ದ, 4 ಇಂಚು ಪಿಚ್. ಬ್ಯಾಟರಿ 3 ಸೆಲ್ಲಿನ 2,200 ಎಂಎಎಚ್ ಲೈಪೋ. ಎಲ್ಲ ಸೇರಿ ತೂಕ 850 ಗ್ರಾಂ. ಹೊಸದಾಗಿ ತರಿಸಿದ್ದು 3536 ಮೋಟರ್, 910 ಕೆವಿ, ಅದಕ್ಕೆ 11×5.5 ಪ್ರೊಪೆಲ್ಲರ್, 50 ಆಂಪಿಯರ್ ಇಎಸ್‌ಸಿ (ಮೋಟರ್‌ನ ವೇಗ ಹಿಡಿತದಲ್ಲಿಡುವ ಸರ್ಕ್ಯೂಟ್). ಒಟ್ಟು ಹತ್ತಿರ ಹತ್ತಿರ 2,900 ರೂಪಾಯಿ ಆಯ್ತು. ಜೊತೆಗೆ 10×4.5 ಪ್ರೊಪೆಲ್ಲರ್ ಒಂದು ಜೋಡಿ ಹಾಕಿಸಿಕೊಂಡೆ, ಅದು 120 ರೂಪಾಯಿ. ಈ 120 ರೂಪಾಯಿಯ ವಿಷಯ ನೆನಪಿಟ್ಟುಕೊಳ್ಳಿ.

ಪೆಟ್ಟಿಗೆ ಶಿವಮೊಗ್ಗಕ್ಕೆ ಬರಲು ಒಂಬತ್ತು ದಿನ ಹಿಡಿಯಿತು. ಮೋಟರ್ ಚೆನ್ನಾಗಿದೆ. ಕೈಯಲ್ಲಿ ತಿರುಗಿಸಿದರೆ ಬೇರಿಂಗ್ ಸದ್ದೇ ಇಲ್ಲ, ಶಾಫ್ಟ್ ನೆಟ್ಟಗಿದೆ, ತಾಮ್ರದ ಸುತ್ತುಗಳು ಒತ್ತೊತ್ತಾಗಿ ನೀಟಾಗಿವೆ. ಆದರೆ ಜೊತೆಗೆ ಕಳಿಸಿದ್ದ ಸ್ಕ್ರೂ ಉದ್ದ ಜಾಸ್ತಿ. ಇದು ಸಣ್ಣ ವಿಷಯ ಅಲ್ಲ. ಉದ್ದ ಸ್ಕ್ರೂ ಪೂರ್ತಿ ಬಿಗಿದರೆ ಅದರ ತುದಿ ಒಳಗೆ ಹೋಗಿ ತಾಮ್ರದ ತಂತಿಯ ಮೇಲಿನ ವಾರ್ನಿಶ್ ಕೆರೆಯುತ್ತದೆ. ಆಮೇಲೆ ಕರೆಂಟ್ ಕೊಟ್ಟರೆ ಶಾರ್ಟ್, ಮೋಟರ್ ಹೋಯ್ತು, ಜೊತೆಗೆ ಇಎಸ್‌ಸಿಯೂ ಹೋಗಬಹುದು. ನಾನು ಬಿಗಿಯುವ ಮೊದಲು ಟಾರ್ಚ್ ಹಿಡಿದು ಪಕ್ಕದಿಂದ ನೋಡಿದೆ. ಸ್ಕ್ರೂ ತುದಿಗೂ ತಂತಿಗೂ ನಡುವೆ ಒಂದು ಕಾಗದ ತೂರುವಷ್ಟೂ ಜಾಗ ಇರಲಿಲ್ಲ. ಮಾರಿದವರಿಗೆ ಬರೆದರೆ ಎರಡು ಸಲವೂ ಉತ್ತರ ಬರಲಿಲ್ಲ. ಕೊನೆಗೆ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ 2 ಮಿಲಿಮೀಟರ್ ಗಿಡ್ಡದ ಸ್ಕ್ರೂ ಸಿಕ್ಕಿತು.

ಹಾರಿಸುವ ಮೊದಲು ಎಳೆತ ಅಳೆದೆ. ವಿಮಾನದ ಬಾಲಕ್ಕೆ ದಾರ ಕಟ್ಟಿ, ದಾರವನ್ನು ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ, ತಕ್ಕಡಿಯನ್ನು ಕಂಬಕ್ಕೆ ಬಿಗಿದೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಹಳೇ ಮೋಟರ್ 8×4 ಜೊತೆ 480 ಗ್ರಾಂ ಎಳೆಯಿತು. ಅದೇ ಹಳೇ ಮೋಟರ್‌ಗೆ 10×4.5 ಹಾಕಿದರೆ 790 ಗ್ರಾಂ. ಹೊಸ ಮೋಟರ್ 1,420 ಗ್ರಾಂ. ಕೊನೆಯದನ್ನು ಅಳೆಯುವಾಗ ದಾರ ತಂತಿ ವಾದ್ಯದ ಹಾಗೆ ಗುಂಯ್ ಅನ್ನುತ್ತಿತ್ತು. ಅಣ್ಣನ ಮಗನನ್ನು ವಿಮಾನದ ಹಿಂದಕ್ಕೆ, ದೂರಕ್ಕೆ ಕಳಿಸಿಯೇ ಈ ಕೆಲಸ ಮಾಡಿದ್ದು. 11 ಇಂಚಿನ ಪ್ರೊಪೆಲ್ಲರ್ ಬೆರಳು ತೆಗೆಯುತ್ತದೆ. ತಿರುಗುವಾಗ ಅದರ ಪಕ್ಕಕ್ಕೂ ನಿಲ್ಲಬೇಡಿ, ಮುಂದಕ್ಕೂ ನಿಲ್ಲಬೇಡಿ.

ಈಗ ಮುಖ್ಯ ವಿಷಯ. ಎತ್ತರ ಕಳೆದುಕೊಳ್ಳದೆ ಐದು ಸುತ್ತು ಹಾಕುವುದು, ಕೆಳಗೆ ಅಣ್ಣನ ಮಗ ಸ್ಟಾಪ್‌ವಾಚ್ ಒತ್ತುವುದು, ಗದ್ದೆಯ ಅಂಚುಗಳನ್ನು ಗುರುತಾಗಿ ಇಟ್ಟುಕೊಂಡು ಸುತ್ತಿನ ಅಗಲ ಅಂದಾಜು ಮಾಡುವುದು. ಲೆಕ್ಕ ಒರಟು, ಆದರೆ ಬೇರೆ ಬೇರೆ ದಿನ ಮಾಡಿದಾಗಲೂ ಹೆಚ್ಚುಕಮ್ಮಿ ಅದೇ ಬಂತು. ಹಳೇ ಮೋಟರ್, 8×4: ಒಂದು ಸುತ್ತಿಗೆ 12 ಸೆಕೆಂಡ್, ಅಗಲ ಸುಮಾರು 42 ಮೀಟರ್. ಇದಕ್ಕಿಂತ ಜಾಸ್ತಿ ವಾಲಿಸಿದರೆ ವಿಮಾನ ಇಳಿಯುತ್ತಲೇ ಹೋಗುತ್ತಿತ್ತು. ಹಳೇ ಮೋಟರ್, 10×4.5: 7 ಸೆಕೆಂಡ್, ಅಗಲ 25 ಮೀಟರ್. ಹೊಸ ಮೋಟರ್, 11×5.5: 5.6 ಸೆಕೆಂಡ್, ಅಗಲ 22 ಮೀಟರ್.

ನೋಡಿದಿರಾ? 120 ರೂಪಾಯಿಯ ಪ್ರೊಪೆಲ್ಲರ್ 17 ಮೀಟರ್ ಉಳಿಸಿತು. 2,900 ರೂಪಾಯಿ ಅದರ ಮೇಲೆ ಬರೀ 3 ಮೀಟರ್ ಉಳಿಸಿತು. ಮೊದಲ ದಿನ ನನಗೆ ನಿಜವಾಗಿಯೂ ಬೇಜಾರಾಯಿತು, ಏನೋ ತಪ್ಪು ಜೋಡಿಸಿದ್ದೇನೆ ಅಂತ ಮನೆಗೆ ಬಂದು ಪೂರ್ತಿ ಬಿಚ್ಚಿ ನೋಡಿದೆ. ಜೋಡಣೆಯಲ್ಲಿ ತಪ್ಪಿರಲಿಲ್ಲ. ಲೆಕ್ಕವೇ ಹಾಗಿದೆ.

ವಿಮಾನವನ್ನು ತಿರುಗಿಸುವುದು ಇಂಜಿನ್ ಅಲ್ಲ, ರೆಕ್ಕೆ. ವಿಮಾನ ವಾಲಿದಾಗ ರೆಕ್ಕೆಯ ಎತ್ತುವ ಬಲವೂ ವಾಲುತ್ತದೆ. ಅದರ ಒಂದು ಪಾಲು ವಿಮಾನದ ಭಾರ ಹೊರುತ್ತದೆ, ಇನ್ನೊಂದು ಪಾಲು ಪಕ್ಕಕ್ಕೆ ಎಳೆದು ತಿರುಗಿಸುತ್ತದೆ. ಎರಡೂ ಕೆಲಸ ಒಟ್ಟಿಗೆ ಆಗಬೇಕಾದರೆ ರೆಕ್ಕೆ ಮಾಮೂಲಿಗಿಂತ ಜಾಸ್ತಿ ಬಲ ಕೊಡಬೇಕು. 30 ಡಿಗ್ರಿ ವಾಲಿದರೆ 1.15 ಪಟ್ಟು, 45 ಡಿಗ್ರಿಗೆ 1.41 ಪಟ್ಟು, 60 ಡಿಗ್ರಿಗೆ ಸರಿಯಾಗಿ 2 ಪಟ್ಟು. ಇದು ಎಲ್ಲ ವಿಮಾನಕ್ಕೂ ಒಂದೇ. ನನ್ನ ಫೋಮ್ ವಿಮಾನಕ್ಕೂ ಅಷ್ಟೇ, ಶಿವಮೊಗ್ಗದ ಸೋಗಾನೆ ಏರ್‌ಪೋರ್ಟಿಗೆ ಬಂದಿಳಿಯುವ ಎಟಿಆರ್ ಪ್ರಯಾಣಿಕ ವಿಮಾನಕ್ಕೂ ಅಷ್ಟೇ.

ಬಲ ಸುಮ್ನೆ ಬರುವುದಿಲ್ಲ. ಎತ್ತುವ ಬಲ ಹುಟ್ಟುವಾಗ ಅದರ ಜೊತೆಗೇ ಗಾಳಿಯ ತಡೆಯೂ ಹುಟ್ಟುತ್ತದೆ. ಅದೇ ವೇಗದಲ್ಲಿ ಎತ್ತುವ ಬಲ 2 ಪಟ್ಟಾದರೆ ಈ ತಡೆ 4 ಪಟ್ಟು ಆಗುತ್ತದೆ. ಅಂದರೆ 60 ಡಿಗ್ರಿ ವಾಲಿಸಿ ತಿರುಗುವಾಗ ವಿಮಾನಕ್ಕೆ ಯಾರೋ ಹಿಂದಿನಿಂದ ಹಗ್ಗ ಹಿಡಿದು ಜಗ್ಗಿದ ಹಾಗೆ. ಆ ಜಗ್ಗಾಟ ತಡೆದುಕೊಳ್ಳುವುದಕ್ಕೆ ಇಂಜಿನ್ ಬೇಕು. ಇಂಜಿನ್ ಸಾಲದಿದ್ದರೂ ವಿಮಾನ ಒಂದು ಕ್ಷಣ ಗಕ್ಕನೆ ತಿರುಗುತ್ತದೆ, ಆದರೆ ವೇಗ ಇಳಿಯುತ್ತದೆ, ಇಲ್ಲ ಎತ್ತರ ಇಳಿಯುತ್ತದೆ. ಒಂದು ಸಲ ತಿರುಗುವುದು ಬೇರೆ, ತಿರುಗುತ್ತಲೇ ಇರುವುದು ಬೇರೆ. ಮೊದಲನೆಯದು ರೆಕ್ಕೆಯ ಕೆಲಸ. ಎರಡನೆಯದಕ್ಕೆ ಇಂಜಿನ್ ಬೇಕೇ ಬೇಕು.

ಆಗುಂಬೆ ಘಾಟಿ ಹತ್ತುವ ಬಸ್ ನೆನಪಿಸಿಕೊಳ್ಳಿ. ತಿರುವಿನಲ್ಲಿ ಬಸ್ ತಿರುಗಿಸುವುದು ಸ್ಟೇರಿಂಗ್ ಮತ್ತು ಟೈರು. ಇಂಜಿನ್ನಿನಲ್ಲಿ ದಮ್ಮಿಲ್ಲದಿದ್ದರೆ ಮಾತ್ರ ತಿರುವಿನ ಅರ್ಧದಲ್ಲೇ ಬಸ್ ನಿಂತುಬಿಡುತ್ತದೆ. ದಮ್ಮಿರುವ ಇಂಜಿನ್ ಹಾಕಿದರೆ ಬಸ್ ಆ ತಿರುವನ್ನು ಪೂರ್ತಿ ಮಾಡುತ್ತದೆ, ಆದರೆ ತಿರುವೇನೂ ಚಿಕ್ಕದಾಗುವುದಿಲ್ಲ.

8×4 ಯಾಕೆ ಅಷ್ಟು ಸೋತಿತು ಅನ್ನುವುದು ಇನ್ನೂ ಚೆನ್ನಾಗಿರುವ ವಿಷಯ. ಪ್ರೊಪೆಲ್ಲರ್ ವಿಮಾನದ ಸ್ವಭಾವ ಏನೆಂದರೆ ವೇಗ ಹೆಚ್ಚಾದಂತೆ ಎಳೆತ ಕಡಿಮೆ ಆಗುತ್ತದೆ. ಇಂಜಿನ್ ಕೊಡುವುದು ಶಕ್ತಿ. ಅದೇ ಶಕ್ತಿಯನ್ನು ಜಾಸ್ತಿ ವೇಗಕ್ಕೆ ಹಂಚಿದರೆ ಎಳೆತಕ್ಕೆ ಉಳಿಯುವುದು ಕಮ್ಮಿ. ಕಂಬಕ್ಕೆ ಕಟ್ಟಿ ಅಳೆದ 480 ಗ್ರಾಂ ಗಾಳಿಯಲ್ಲಿ 480 ಆಗಿ ಉಳಿಯುವುದಿಲ್ಲ. 4 ಇಂಚು ಪಿಚ್ ಅಂದರೆ ಒಂದು ಸುತ್ತಿಗೆ ಲೆಕ್ಕದಲ್ಲಿ 4 ಇಂಚು ಮುಂದೆ. ನಿಮಿಷಕ್ಕೆ 9,000 ಸುತ್ತು ತಿರುಗಿದರೂ ಅದು ಸೆಕೆಂಡಿಗೆ ಸುಮಾರು 15 ಮೀಟರ್ ಅಷ್ಟೇ. ವಿಮಾನ 11 ಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಆ ಚಿಕ್ಕ ಪ್ರೊಪೆಲ್ಲರ್‌ಗೆ ಕಚ್ಚಿ ಎಳೆಯಲು ಹೆಚ್ಚೇನೂ ಉಳಿದಿರುವುದಿಲ್ಲ. 10 ಇಂಚಿನದು ಒಟ್ಟಿಗೆ ಜಾಸ್ತಿ ಗಾಳಿಯನ್ನು ಹಿಡಿದು ನಿಧಾನವಾಗಿ ಹಿಂದಕ್ಕೆ ತಳ್ಳುತ್ತದೆ. ನಿಧಾನದ ವೇಗದಲ್ಲಿ ಎಳೆತ ಬೇಕೆಂದರೆ ಅದೇ ಸರಿಯಾದ ದಾರಿ. ಹೀಗಾಗಿ ಶಕ್ತಿ ಎಷ್ಟಿದೆ ಅನ್ನುವುದರ ಜೊತೆಗೆ ಅದು ಯಾವ ವೇಗದಲ್ಲಿ ಕೈಗೆ ಸಿಗುತ್ತದೆ ಅನ್ನುವುದನ್ನೂ ನೋಡಬೇಕು.

ಹೊಸ ಮೋಟರ್ ಬಂದಾಗ ತೂಕವೂ ಬಂತು. ಮೋಟರ್ ಹಳೆಯದರ ಎರಡರಷ್ಟು ಭಾರ, ಇಎಸ್‌ಸಿಯೂ ದೊಡ್ಡದು. 850 ಇದ್ದ ವಿಮಾನ 935 ಗ್ರಾಂ ಆಯ್ತು, ಅಂದರೆ ಶೇ 10 ಜಾಸ್ತಿ. ಸ್ಟಾಲ್ ಅಂಚಿನಲ್ಲಿ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದಕ್ಕೆ ಸ್ವಲ್ಪ ಮೊದಲು, ಅಷ್ಟೇ ವಾಲಿಸಿ ತಿರುಗಿದರೆ ಸುತ್ತು ಕೂಡ ಶೇ 10 ದೊಡ್ಡದಾಗುತ್ತದೆ. ಅಂದರೆ ಮೋಟರ್ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಸ್ವಲ್ಪ ಕಿತ್ತುಕೊಂಡಿತು. ಈ ವಿಷಯ ದೊಡ್ಡ ವಿಮಾನಗಳಲ್ಲೂ ಹೀಗೇ ನಡೆದಿದೆ. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 9ರಲ್ಲಿ ಮರ್ಲಿನ್ ಇಂಜಿನ್ ಇತ್ತು. ಮಾರ್ಕ್ 14ಕ್ಕೆ 2,000 ಕುದುರೆಶಕ್ತಿ ದಾಟಿದ ಗ್ರಿಫನ್ ಹಾಕಿದರು. ಬ್ರಿಟಿಷ್ ವಾಯುಪಡೆ ಎರಡನ್ನೂ ಜೊತೆಗಿಟ್ಟು ಪರೀಕ್ಷೆ ಮಾಡಿದಾಗ ಎರಡರ ತಿರುವಿನ ವೃತ್ತವೂ ಒಂದೇ ಅಂತ ಬಂತು. ಹೊಸದು ಭಾರ ಜಾಸ್ತಿ, ರೆಕ್ಕೆ ಹೆಚ್ಚುಕಡಿಮೆ ಅಷ್ಟೇ. ಆದರೆ ಮೇಲೇರುವುದರಲ್ಲಿ ಮಾರ್ಕ್ 14 ಮುಂದಿತ್ತು. ನನ್ನ ಗದ್ದೆಯಲ್ಲೂ ಅದೇ ಆಯ್ತು. ಸುತ್ತು ಸ್ವಲ್ಪವೇ ಚಿಕ್ಕದಾಯ್ತು, ಆದರೆ ತಿರುಗುತ್ತಾ ತಿರುಗುತ್ತಾ ಅಡಿಕೆ ಮರದ ತಲೆ ದಾಟಿ ಮೇಲೆ ಹೋಗುವ ಶಕ್ತಿ ಬಂತು. ನಮ್ಮಂಥ ಜಾಗದಲ್ಲಿ ಇದರ ಬೆಲೆ ದೊಡ್ಡದು. 2,900 ರೂಪಾಯಿ ದಂಡ ಅಲ್ಲ ಅಂತ ನಾನು ಹೇಳುವುದು ಇದಕ್ಕೇ.

ಆ ಪರೀಕ್ಷೆಯಲ್ಲಿ ಇನ್ನೊಂದು ಮಾತೂ ಇದೆ, ಮಾರ್ಕ್ 14 ಬಲಕ್ಕಿಂತ ಎಡಕ್ಕೆ ಸ್ವಲ್ಪ ಚೆನ್ನಾಗಿ ತಿರುಗುತ್ತಿತ್ತು ಅಂತ. ಪ್ರೊಪೆಲ್ಲರ್ ಒಂದೇ ದಿಕ್ಕಿಗೆ ಸುತ್ತುವುದರಿಂದ ಎರಡೂ ಕಡೆಯ ತಿರುವು ಒಂದೇ ಥರ ಇರುವುದಿಲ್ಲ. ಗ್ರಿಫನ್ ಮರ್ಲಿನ್‌ಗೆ ಉಲ್ಟಾ ಸುತ್ತುತ್ತಿತ್ತು. ನನ್ನ ಪ್ರೊಪೆಲ್ಲರ್ ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ. ಅದಕ್ಕೆ ಎದುರಾಗಿ ವಿಮಾನದ ಮೈ ಎಡಕ್ಕೆ ಉರುಳಲು ನೋಡುತ್ತದೆ. ಮೂಗು ಎತ್ತಿ ನಿಧಾನಕ್ಕೆ ಹೋಗುವಾಗ ಮೂಗು ಕೂಡ ಎಡಕ್ಕೇ ಎಳೆಯುತ್ತದೆ. ಚಿಕ್ಕ ಮೋಟರ್‌ನಲ್ಲಿ ಇದು ಗೊತ್ತೇ ಆಗುತ್ತಿರಲಿಲ್ಲ.

ದೊಡ್ಡದರಲ್ಲಿ ಗೊತ್ತಾಗಿದ್ದು ಹೀಗೆ. ಜನವರಿಯ ಒಂದು ಸಂಜೆ, ತೋಟದ ಬದಿಗೆ ಎಡ ತಿರುವು. ವಿಮಾನ ನಿಧಾನವಾಗಿತ್ತು, ಮರ ಹತ್ತಿರ ಬಂತು ಅಂತ ಎಲಿವೇಟರ್ (ಮೂಗು ಎತ್ತುವ ಬಾಲದ ಪಟ್ಟಿ) ಜೋರಾಗಿ ಎಳೆದೆ, ಜೊತೆಗೆ ಒಮ್ಮೆಲೇ ಪೂರ್ತಿ ಥ್ರಾಟಲ್ ಕೊಟ್ಟೆ. ಎಡ ರೆಕ್ಕೆ ತಟ್ಟನೆ ಕೆಳಗೆ ಬಿತ್ತು. ಬಲಕ್ಕೆ ಸ್ಟಿಕ್ ಒತ್ತಿದರೆ ಇನ್ನೂ ಕೆಟ್ಟಿತು. ಅರ್ಧ ಸುತ್ತು ಉರುಳಿ ಸೀದಾ ಅಡಿಕೆ ಮರದ ತಲೆಗೆ ಹೋಗಿ ಎರಡು ಸೋಗೆಯ ನಡುವೆ ಸಿಕ್ಕಿಕೊಂಡಿತು. ಪ್ರೊಪೆಲ್ಲರ್ ಹಸಿ ಸೋಗೆ ಕತ್ತರಿಸಿದ ಸದ್ದು ಗದ್ದೆಯ ಈಚೆ ತುದಿಗೂ ಕೇಳಿತು. ಮನೆಯಿಂದ ಚಿಕ್ಕಪ್ಪ ಬಂದರು.

"ಎಂತಾಯ್ತು ಮಾರಾಯ? ಹೊಸ ಮೋಟರ್ ಹಾಕಿದ್ದು ಅಂದ್ಯಲ್ಲ?"

"ಹೌದು ಚಿಕ್ಕಪ್ಪ. ನಿಧಾನ ಇರುವಾಗ ಜಾಸ್ತಿ ಎಳೆದುಬಿಟ್ಟೆ. ದೋಟಿ ಕೊಡ್ತೀರಾ?"

ಅಡಿಕೆ ಕೊನೆ ಕೊಯ್ಯಲು ತಂದಿಟ್ಟಿದ್ದ ಉದ್ದನೆಯ ಕಾರ್ಬನ್ ಫೈಬರ್ ದೋಟಿಯಿಂದ ಅವರೇ ನಿಧಾನವಾಗಿ ಬಿಡಿಸಿ ಇಳಿಸಿದರು. ರೆಕ್ಕೆಗೆ ಒಂದು ಗೀರು, ಪ್ರೊಪೆಲ್ಲರ್ ತುದಿಯಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿತ್ತು. ಅಷ್ಟು ಚಿಕ್ಕ ಚೂರು ಹೋದರೂ ಆ ಪ್ರೊಪೆಲ್ಲರ್ ಮತ್ತೆ ಹಾಕಬೇಡಿ. ಬ್ಯಾಲೆನ್ಸ್ ತಪ್ಪಿ ಮೋಟರ್ ನಡುಗುತ್ತದೆ, ಬೇರಿಂಗ್ ಹಾಳಾಗುತ್ತದೆ.

ತಿರುಗುವಾಗ ಸ್ಟಾಲ್ ವೇಗವೂ ಏರುತ್ತದೆ, ತಪ್ಪಾಗಿದ್ದು ಅಲ್ಲೇ. 60 ಡಿಗ್ರಿ ವಾಲಿದರೆ ಅದು 1.41 ಪಟ್ಟು. ನೇರ ಹಾರುವಾಗ ಸೆಕೆಂಡಿಗೆ 8 ಮೀಟರ್‌ಗೆ ಸ್ಟಾಲ್ ಆಗುವ ವಿಮಾನ ಆ ತಿರುವಿನಲ್ಲಿ 11ಕ್ಕಿಂತ ಸ್ವಲ್ಪ ಜಾಸ್ತಿ ವೇಗ ಇರುವಾಗಲೇ ಸ್ಟಾಲ್ ಆಗುತ್ತದೆ. ಮೊದಲು ಥ್ರಾಟಲ್ ಕೊಟ್ಟು ವೇಗ ತೆಗೆದುಕೊಂಡು ಆಮೇಲೆ ವಾಲಿಸಬೇಕು. ಸ್ಟಾಲ್ ಅಂಚಿಗೆ ಹೋದಮೇಲೆ ಕೊಟ್ಟ ಥ್ರಾಟಲ್ ನಮ್ಮನ್ನು ಉಳಿಸುವುದಿಲ್ಲ, ಇನ್ನಷ್ಟು ಉರುಳಿಸುತ್ತದೆ. ಈ ಮೋಟರ್ ಹಾಕುವವರು ಇನ್ನೊಂದು ಕೆಲಸ ಮಾಡಿ: ಮೋಟರ್ ಮೌಂಟಿನ ಎಡಗಡೆಯ ಎರಡು ಸ್ಕ್ರೂಗಳ ಕೆಳಗೆ ಒಂದೊಂದು ತೆಳು ವಾಷರ್ ಸೇರಿಸಿ. ಮೋಟರ್ ಒಂದೆರಡು ಡಿಗ್ರಿ ಬಲಕ್ಕೆ ಮುಖ ಮಾಡುತ್ತದೆ, ಎಡಕ್ಕೆ ಎಳೆಯುವುದು ಬಹಳ ಕಮ್ಮಿಯಾಗುತ್ತದೆ. ನಾನು ಆಮೇಲೆ ಹಾಕಿದೆ. ಮೊದಲೇ ಹಾಕಬೇಕಿತ್ತು. ಮೂಗಿನ ಭಾರ ಜಾಸ್ತಿಯಾದ್ದರಿಂದ ಬ್ಯಾಟರಿಯನ್ನು 3 ಸೆಂಟಿಮೀಟರ್ ಹಿಂದಕ್ಕೂ ಸರಿಸಿದೆ.

ಬ್ಯಾಟರಿ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹೊಸ ಮೋಟರ್ ಪೂರ್ತಿ ಥ್ರಾಟಲ್‌ನಲ್ಲಿ 35 ಆಂಪಿಯರ್ ಹತ್ತಿರ ಎಳೆಯುತ್ತದೆ, ಹಾಗೇ ಹಾರಿಸಿದರೆ 2,200ರ ಬ್ಯಾಟರಿ ನಾಲ್ಕು ನಿಮಿಷವೂ ಬರುವುದಿಲ್ಲ. ಬ್ಯಾಟರಿ ಇಳಿದಾಗ ಇಎಸ್‌ಸಿ ತಾನೇ ಮೋಟರ್ ಕಡಿಮೆ ಮಾಡುತ್ತದೆ. ಅದು ತಿರುವಿನ ನಡುವೆ ಆದರೆ ಎಳೆತವೂ ಹೋಯ್ತು, ಬಾಲದ ಮೇಲೆ ಬೀಸುತ್ತಿದ್ದ ಪ್ರೊಪೆಲ್ಲರ್ ಗಾಳಿಯೂ ಹೋಯ್ತು, ಎಲಿವೇಟರ್ ಮೆತ್ತಗಾಗುತ್ತದೆ. ಆಗ ಮೊದಲು ರೆಕ್ಕೆ ಸಮ ಮಾಡಿ, ಆಮೇಲೆ ಉಳಿದದ್ದು. ನಾನು ಟೈಮರ್ ಇಟ್ಟು ಐದು ನಿಮಿಷಕ್ಕೆ ಇಳಿಸುತ್ತೇನೆ, ಅದೂ ಹೆಚ್ಚು ಹೊತ್ತು ಅರ್ಧ ಥ್ರಾಟಲ್‌ನಲ್ಲೇ ಹಾರಿಸಿದರೆ ಮಾತ್ರ ಬ್ಯಾಟರಿ ಸಾಕಾಗುತ್ತದೆ. ಹಳೇ ಮೋಟರ್‌ಗೆ 10×4.5 ಹಾಕಿದವರೂ ಗಮನಿಸಿ: ಅದು ಆ ಮೋಟರ್‌ಗೆ ಹೊರೆ. ಎರಡು ನಿಮಿಷ ಪೂರ್ತಿ ಥ್ರಾಟಲ್ ಕೊಟ್ಟು ಇಳಿಸಿದಾಗ ಬೆರಳಿಡಲು ಆಗದಷ್ಟು ಬಿಸಿ ಇತ್ತು. ತಿರುವಿಗೆ ಬೇಕಾದಾಗ ಪೂರ್ತಿ ಕೊಡಿ, ನೇರ ಬಂದಮೇಲೆ ಇಳಿಸಿ.

ಏಪ್ರಿಲ್ ಮಧ್ಯಾಹ್ನ ಎರಡು ಜೋಡಣೆಯೂ ಸ್ವಲ್ಪ ಸೋಮಾರಿಯಾದವು. ಗಾಳಿ 15 ಡಿಗ್ರಿಯಿಂದ 35 ಡಿಗ್ರಿಗೆ ಬಿಸಿಯಾದರೆ ಸುಮಾರು ಶೇ 6 ತೆಳುವಾಗುತ್ತದೆ. ರೆಕ್ಕೆಗೂ ಕಮ್ಮಿ, ಪ್ರೊಪೆಲ್ಲರ್‌ಗೂ ಕಮ್ಮಿ. ಬೆಳಿಗ್ಗೆ ಮಂಜು ಕರಗಿದ ಕೂಡಲೇ ಹಾರಿಸಿದರೆ ಅದೇ ವಿಮಾನ ಬೇರೆಯೇ ಅನ್ನಿಸುತ್ತದೆ.

ತೀರ್ಮಾನ ಕೇಳುವವರಿಗೆ: ಬರೀ ಚಿಕ್ಕ ಜಾಗದಲ್ಲಿ ತಿರುಗಬೇಕು ಅಂದರೆ ಮೊದಲು ಪ್ರೊಪೆಲ್ಲರ್ ಬದಲಿಸಿ, ಒಂದು ತಿಂಗಳು ಹಾರಿಸಿ. ಆಮೇಲೂ ಎತ್ತರದ ಮರಗಳ ನಡುವಿನಿಂದ ತಿರುಗುತ್ತಲೇ ಮೇಲೇಳಬೇಕು ಅನ್ನಿಸಿದರೆ 3536 ತೆಗೆದುಕೊಳ್ಳಿ, ಮೋಟರ್‌ಗೆ ನಾನು 5ಕ್ಕೆ 4 ಕೊಡುತ್ತೇನೆ. ಮಾರಿದವರ ಸೇವೆಗೆ 1. ಹೊಸಬರು ಇದನ್ನು ಹಾಕಲೇಬೇಡಿ, ಕಲಿಯುವ ಕೈಗೆ ಎಡಕ್ಕೆ ಉರುಳುವ ವಿಮಾನ ಬೇಡ. ಎಲ್ಲಿ ಹಾರಿಸುವುದಿದ್ದರೂ ಡಿಜಿಟಲ್ ಸ್ಕೈ ನಕ್ಷೆ (ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ನಕ್ಷೆ) ನೋಡಿಕೊಂಡು ಹಾರಿಸಿ, ಸೋಗಾನೆ ಏರ್‌ಪೋರ್ಟಿನ ಸುತ್ತಮುತ್ತ ಅಂತೂ ಬೇಡವೇ ಬೇಡ.

ಮೋಟರ್ ಬಂದ ದಿನವೇ ಸ್ಕ್ರೂ ಉದ್ದ ನೋಡಿ, ಟಾರ್ಚ್ ಹಿಡಿದು ಪಕ್ಕದಿಂದ. ನನ್ನ ವಿಮಾನದಲ್ಲಿ ಈಗ 3536 ಇದೆ, ಎಡಗಡೆ ಎರಡು ವಾಷರ್ ಸಮೇತ. ಅಣ್ಣನ ಮಗನ ವಿಮಾನಕ್ಕೆ ಹಳೇ 2212 ಮತ್ತು ಉಳಿದ ಇನ್ನೊಂದು 10×4.5 ಕೊಟ್ಟಿದ್ದೇನೆ. ಅವನದು 700 ಗ್ರಾಂ ಕೂಡ ಇಲ್ಲ, ಹೋದ ಭಾನುವಾರ ನನ್ನದಕ್ಕಿಂತ ಚಿಕ್ಕ ಸುತ್ತು ಹಾಕಿ ತೋರಿಸಿದ.